ಮೊದಲು ಬೆನ್ನು ನೋಡಮ್ಮ

ಗ್ಯಾಲರಿಗೆ ಕೆಲಸಕ್ಕೆ ಸೇರಿದ ಮೊದಲ ವಾರ ನನ್ನ ಕೈಗೆ ಒಂದು ಮುಖವಾಡ ಕೊಟ್ಟರು. ಪಶ್ಚಿಮ ಆಫ್ರಿಕಾದ ಡಾನ್ ಜನರದ್ದು. ಕಪ್ಪಗೆ, ನುಣ್ಣಗೆ, ಅರೆಮುಚ್ಚಿದ ಕಣ್ಣು. ನಾನು ಆ ಮುಖವನ್ನೇ ನೋಡುತ್ತಾ ನಿಂತುಬಿಟ್ಟೆ. ಗ್ಯಾಲರಿಯ ಹಿರಿಯರು ಹತ್ತಿರ ಬಂದು ಅದನ್ನು ನನ್ನ ಕೈಯಲ್ಲೇ ಮಗುಚಿದರು. "ಮೊದಲು ಬೆನ್ನು ನೋಡಮ್ಮ. ಮುಖ ಎಲ್ಲರಿಗೂ ಕಾಣುತ್ತೆ" ಅಂದರು.

ಒಳಗಡೆ ಹಣೆ, ಮೂಗಿನ ಪಕ್ಕ, ಗಲ್ಲ ತಾಗುವ ಜಾಗ ಮಾತ್ರ ಜಿಡ್ಡು ಹಿಡಿದು ಮಿನುಗುತ್ತಿತ್ತು. ಉಳಿದ ಕಡೆ ಉಳಿಯ ಗುರುತು ಒರಟಾಗಿಯೇ ಇತ್ತು. ಅಂಚಿನ ಸುತ್ತ ದಾರ ಕಟ್ಟುವ ತೂತುಗಳು. ದಾರ ಜಗ್ಗುವ ಕಡೆಗೆ ಮಾತ್ರ ಅವು ಸವೆದಿದ್ದವು. ಬೆವರುವ ಮನುಷ್ಯನೊಬ್ಬ ಇದನ್ನು ಮುಖಕ್ಕೆ ಕಟ್ಟಿಕೊಂಡು ಕುಣಿದಿದ್ದಾನೆ. ಒಂದು ದಿನ ಅಲ್ಲ, ವರ್ಷಗಟ್ಟಲೆ. ಮಾರುವುದಕ್ಕೆಂದೇ ಕೆತ್ತಿದ ಮುಖವಾಡದಲ್ಲಿ ಈ ಸವೆತ ಇರುವುದಿಲ್ಲ. ಇದ್ದರೂ ಎಲ್ಲ ಕಡೆ ಒಂದೇ ಸಮ ಇರುತ್ತದೆ. ಹೊಗೆಗೆ ಹಿಡಿದು, ಚಹಾ ಡಿಕಾಕ್ಷನ್ ಬಳಿದು, ಎಣ್ಣೆ ಉಜ್ಜಿ ಮರವನ್ನು ಹಳತು ಮಾಡಬಹುದು. ಆದರೆ ಮೂಳೆ ಎಲ್ಲಿ ಒತ್ತುತ್ತದೆ ಅನ್ನುವುದು ಹಾಗೆ ಬಳಿಯುವವರಿಗೆ ಸಾಮಾನ್ಯವಾಗಿ ನೆನಪಾಗುವುದಿಲ್ಲ.

ಹನ್ನೊಂದು ವರ್ಷ ಅವರ ಕೈಕೆಳಗೆ ದುಡಿದೆ. ಅವರಿಗೆ ವಯಸ್ಸಾಯಿತು, ಗ್ಯಾಲರಿ ನನ್ನ ಕೈಗೆ ಬಂತು. ಕೀಲಿಕೈ ಜೊತೆ ಆರುನೂರು ಚಿಲ್ಲರೆ ವಸ್ತುಗಳೂ ಬಂದವು. ಚೀನಾ, ಇರಾನ್, ಟರ್ಕಿ, ನೇಪಾಳ, ಮಾಲಿ, ಗಬಾನ್, ಪಪುವಾ ನ್ಯೂಗಿನಿ. ಇವನ್ನೆಲ್ಲ ಒಂದೇ ಸೂರಿನಡಿ ಇಡುವುದು ಈ ವ್ಯಾಪಾರದ ಹಳೆಯ ರೂಢಿ. ಯುರೋಪಿನದ್ದಲ್ಲ ಅಂತ ಕಂಡಿದ್ದನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದ ಕಾಲದಿಂದ ಬಂದದ್ದು. ಆ ರೂಢಿ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೂ ಅಕ್ಕಪಕ್ಕ ಇಟ್ಟಾಗ ಕೆಲವು ವಸ್ತುಗಳು ತಮ್ಮಲ್ಲೇ ಮಾತಾಡಿಕೊಳ್ಳುತ್ತವೆ ಅನ್ನುವುದೂ ನಿಜ. ಹದಿನಾಲ್ಕನೇ ಶತಮಾನದ ಚೀನಾದ ನೀಲಿ-ಬಿಳಿ ಪಿಂಗಾಣಿಗೆ ಕೋಬಾಲ್ಟ್ ನೀಲಿ ಹೋಗಿದ್ದು ಇರಾನ್ ಕಡೆಯಿಂದ. ಅದೇ ಪಿಂಗಾಣಿ ತಿರುಗಿ ಪಶ್ಚಿಮಕ್ಕೆ ಬಂದು, ಟರ್ಕಿಯ ಇಜ್ನಿಕ್ ಕುಂಬಾರರಿಗೆ ಮಾದರಿಯಾಯಿತು. ಇರಾನಿನ ಷಾ ಅಬ್ಬಾಸ್ 1611ರಲ್ಲಿ ಅರ್ದಬಿಲ್‌ನ ದರ್ಗಾಕ್ಕೆ ಸಾವಿರಕ್ಕೂ ಹೆಚ್ಚು ಚೀನೀ ಪಿಂಗಾಣಿ ಕಾಣಿಕೆ ಕೊಟ್ಟಿದ್ದ. ಹೀಗಾಗಿ ಚೀನಾದ ಬಟ್ಟಲನ್ನೂ ಇಜ್ನಿಕ್ ತಟ್ಟೆಯನ್ನೂ ನಾನು ಈಗಲೂ ಒಂದೇ ಕಪಾಟಿನಲ್ಲಿ ಇಡುತ್ತೇನೆ.

ಗ್ಯಾಲರಿ ಕೈಗೆ ಬಂದ ದಿನವೇ ಒಂದು ತೀರ್ಮಾನ ಮಾಡಿದೆ. ಒಂದೊಂದನ್ನೂ ಕೆಳಗಿಳಿಸಿ, ಬೆನ್ನು ನೋಡಿ, ಅದರ ಕಾಗದ ಪತ್ರ ಹುಡುಕಿ ಬರೆದಿಡಬೇಕು. ಮೂರು ತಿಂಗಳ ಕೆಲಸ ಅಂದುಕೊಂಡಿದ್ದೆ. ಎರಡು ವರ್ಷ ಹಿಡಿಯಿತು.

ವಸ್ತುವಿಗೂ ಒಂದು ಬೆನ್ನು, ಅದು ಬಂದ ದಾರಿಗೂ ಒಂದು ಬೆನ್ನು. ಎರಡನೆಯದಕ್ಕೆ ನಮ್ಮಲ್ಲಿ ಪ್ರೊವೆನೆನ್ಸ್ ಅನ್ನುತ್ತಾರೆ. ಯಾರ ಕೈಯಿಂದ ಯಾರ ಕೈಗೆ, ಯಾವ ವರ್ಷ, ಯಾವ ದೇಶದಿಂದ ಯಾವಾಗ ಹೊರಬಂತು, ಅದಕ್ಕೆ ಸಾಕ್ಷಿ ಏನು. 1970ರ ನವೆಂಬರ್ 14ರಂದು ಯುನೆಸ್ಕೋ ಒಂದು ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಸಾಂಸ್ಕೃತಿಕ ವಸ್ತುಗಳ ಕಳ್ಳಸಾಗಣೆ ತಡೆಯುವ ಒಪ್ಪಂದ ಅದು. ಅಂದಿನಿಂದ 1970 ಅನ್ನುವುದು ಈ ವ್ಯಾಪಾರದಲ್ಲಿ ಒಂದು ಗೆರೆ. ಅದಕ್ಕೂ ಮುಂಚೆ ವಸ್ತು ತನ್ನ ದೇಶ ಬಿಟ್ಟಿತ್ತು ಅಂತ ಕಾಗದ ಇದೆಯಾ ಅಂತಲೇ ಎಲ್ಲರೂ ಮೊದಲು ಕೇಳುತ್ತಾರೆ. ಆದರೆ ಆ ಗೆರೆಯ ಆಚೆಗಿದ್ದ ಮಾತ್ರಕ್ಕೆ ಎಲ್ಲ ಸರಿಯಾಯಿತು ಅಂತಲ್ಲ. ಭಾರತ 1947ರಲ್ಲೇ ಹಳೆಯ ವಸ್ತುಗಳ ರಫ್ತಿಗೆ ಕಡಿವಾಣ ಹಾಕಿತ್ತು. 1972ರಲ್ಲಿ ಅದಕ್ಕಿಂತ ಬಿಗಿಯಾದ ಕಾಯ್ದೆ ತಂದಿತು. ನೇಪಾಳದ ಕಾಯ್ದೆ 1956ರದ್ದು. ಈ ತಾರೀಖುಗಳನ್ನು ಗೋಡೆ ಮೇಲೆ ಬರೆದಿಟ್ಟುಕೊಂಡು ಕೆಲಸ ಮಾಡಿದೆ.

ಕಡತಗಳನ್ನು ತೆರೆದಾಗ ಬೇಸರವಾಯಿತು. ಎಷ್ಟೋ ವಸ್ತುಗಳ ಮುಂದೆ ಒಂದೇ ಸಾಲು: "ಖಾಸಗಿ ಸಂಗ್ರಹ, ಯುರೋಪ್." ಹೆಸರಿಲ್ಲ, ವರ್ಷವಿಲ್ಲ. ನೋಡಲು ಮಾಹಿತಿಯ ಹಾಗಿರುತ್ತದೆ, ಒಳಗೆ ಏನೂ ಇಲ್ಲ. ಹಿರಿಯರನ್ನು ಕೇಳಿದೆ. "ಆಗ ಯಾರೂ ಕೇಳ್ತಿರಲಿಲ್ಲಮ್ಮ, ನಾವೂ ಕೇಳಲಿಲ್ಲ" ಅಂದರು. ಅವರು ಸುಳ್ಳು ಹೇಳುವವರಲ್ಲ. ಆ ಮಾತು ಹೇಳುವಾಗ ಅವರ ಮುಖ ಬಾಡಿತ್ತು.

ಒಂದು ಬಟ್ಟಲಿನ ಕತೆ ಹೇಳಲೇಬೇಕು. ಅದನ್ನು ಕೊಂಡವಳು ನಾನೇ. ಇರಾನಿನ ನಿಶಾಪುರದ್ದು, ಹತ್ತನೇ ಶತಮಾನದ್ದು ಅಂತ ಹರಾಜಿನಲ್ಲಿ ತಂದಿದ್ದೆ. ಬೆಣ್ಣೆ ಬಿಳುಪಿನ ಮೈ, ಅಂಚಿನ ಸುತ್ತ ಕೂಫಿ ಅನ್ನುವ ಹಳೆಯ ಅರೇಬಿಕ್ ಲಿಪಿಯ ಕಪ್ಪು ಅಕ್ಷರಗಳು. ಉದ್ದನೆಯ ಕಾಲುಗಳು ಬಟ್ಟಲಿನ ನಡುವಿನ ಕಡೆಗೆ ಚಾಚಿಕೊಂಡಿರುವ ಆ ಬರವಣಿಗೆಯಷ್ಟು ಗಂಭೀರವಾದ ಇನ್ನೊಂದು ಅಲಂಕಾರ ನಾನು ಕಂಡಿಲ್ಲ. ಮೆಟ್ರೊಪಾಲಿಟನ್ ಮ್ಯೂಸಿಯಂನವರು 1935ರಿಂದ 1940ರವರೆಗೆ, ಮತ್ತೆ 1947ರಲ್ಲಿ ನಿಶಾಪುರದಲ್ಲಿ ಅಗೆದಾಗ ಇಂಥ ಪಾತ್ರೆಗಳು ಸಿಕ್ಕಿದ್ದವು. ಇವುಗಳ ಮೇಲೆ ಒಡೆಯನಿಗೆ ಹಾರೈಕೆ ಇರುತ್ತದೆ, ಇಲ್ಲವೇ ನೀತಿಮಾತು ಇರುತ್ತದೆ. ಆ ಮ್ಯೂಸಿಯಂನಲ್ಲೇ ಇರುವ ಒಂದು ಬಟ್ಟಲಿನ ಮೇಲೆ, ಕೆಲಸಕ್ಕೆ ಮುಂಚೆ ಯೋಚಿಸುವುದು ನಿನ್ನನ್ನು ಪಶ್ಚಾತ್ತಾಪದಿಂದ ಕಾಯುತ್ತದೆ ಅನ್ನುವ ಅರ್ಥದ ಸಾಲಿದೆ.

ನನ್ನ ಬಟ್ಟಲನ್ನು ಅರೇಬಿಕ್ ಬಲ್ಲ ಗೆಳತಿಗೆ ತೋರಿಸಿದ್ದೆ. ಮೂರರಲ್ಲಿ ಎರಡು ಪಾಲು ಓದಿದಳು. ಉಳಿದದ್ದು ಓದೋಕೆ ಆಗ್ತಿಲ್ಲ ಅಂದಳು. ಕೂಫಿ ಲಿಪಿಯೇ ಕಷ್ಟ, ಅದಕ್ಕೇ ಇರಬೇಕು ಅಂತ ಸುಮ್ಮನಾದೆ. ಅಲ್ಲೇ ಎಡವಿದ್ದು.

ಪಟ್ಟಿ ಮಾಡುವ ಸರದಿ ಈ ಬಟ್ಟಲಿಗೆ ಬಂದಾಗ ಕತ್ತಲೆ ಕೋಣೆಗೆ ಒಯ್ದು ಅಲ್ಟ್ರಾವಯೊಲೆಟ್ ದೀಪ ಹಿಡಿದೆ. ಹಳೆಯ ಮೆರುಗು ಮಂಕಾಗಿ ಕಂಡಿತು. ಮೂರರಲ್ಲಿ ಒಂದು ಪಾಲು ಮಾತ್ರ ಹಾಲು ಚೆಲ್ಲಿದ ಹಾಗೆ ಹೊಳೆಯಿತು. ಎದೆ ಧಸಕ್ಕೆಂದಿತು. ಹತ್ತಿಗೆ ಅಸಿಟೋನ್ ಅದ್ದಿ ಬಟ್ಟಲಿನ ಹೊರಮೈಯಲ್ಲಿ ಸ್ವಲ್ಪವೇ ಒರೆಸಿದೆ. ಹತ್ತಿಗೆ ಬಣ್ಣ ಅಂಟಿಕೊಂಡಿತು. ಬಣ್ಣದ ಕೆಳಗೆ ಪ್ಲಾಸ್ಟರ್ ಕಂಡಿತು. ಗೆಳತಿ ಓದಲಾರದ ಅಕ್ಷರಗಳು ಅಕ್ಷರಗಳೇ ಆಗಿರಲಿಲ್ಲ. ಅರೇಬಿಕ್ ಬಾರದ ಯಾರೋ ಉಳಿದ ಸಾಲನ್ನು ನೋಡಿಕೊಂಡು ಗೀಚಿದ್ದರು.

ಒಡೆದ ಬಟ್ಟಲನ್ನು ಜೋಡಿಸುವುದು ತಪ್ಪಲ್ಲ. ನೆಲದಿಂದ ಬಂದ ಇರಾನಿ ಪಾತ್ರೆಗಳಲ್ಲಿ ಇಡಿಯಾಗಿ ಸಿಗುವುದೇ ಅಪರೂಪ. ಜೋಡಿಸಿದ್ದನ್ನು ಮುಚ್ಚಿಡುವುದು ತಪ್ಪು. ಇಲ್ಲದ ಮಾತನ್ನು ಬರೆದು ಸೇರಿಸುವುದು ಅದಕ್ಕಿಂತ ದೊಡ್ಡ ತಪ್ಪು. ಹಳೆಯ ವಸ್ತುಗಳನ್ನು ಕಾಪಾಡಿ ಸರಿಪಡಿಸುವ ಕನ್ಸರ್ವೇಟರ್ ಒಬ್ಬರ ಜೊತೆ ಕೂತು ಹೊಸ ಬಣ್ಣವನ್ನೆಲ್ಲ ತೆಗೆಸಿದೆ. ಇಲ್ಲದ ಭಾಗವನ್ನು ಬಟ್ಟಲಿನದಕ್ಕಿಂತ ತುಸು ಬೇರೆ ಬಿಳುಪಿನಲ್ಲಿ ಖಾಲಿ ಬಿಡಿಸಿದೆ. ಈಗ ಅದರ ಸಾಲು ಅರ್ಧಕ್ಕೇ ನಿಲ್ಲುತ್ತದೆ. ಬಂದವರು ಮೊದಲಿಗಿಂತ ಜಾಸ್ತಿ ಹೊತ್ತು ಅದರ ಮುಂದೆ ನಿಲ್ಲುತ್ತಾರೆ. ಕೊಟ್ಟ ಹಣ ವಾಪಸ್ ಬರಲಿಲ್ಲ. ಬಟ್ಟಲನ್ನು ಮಾರುವ ಮನಸ್ಸೂ ಆಗಲಿಲ್ಲ.

ಇದಾದ ಮೇಲೆ ನಾನು ಪರೀಕ್ಷೆಗಳ ಹಿಂದೆ ಬಿದ್ದೆ. ಸುಟ್ಟ ಮಣ್ಣಿಗೆ ಥರ್ಮೋಲ್ಯುಮಿನೆಸೆನ್ಸ್ ಅಂತ ಒಂದು ಪರೀಕ್ಷೆ ಇದೆ. ಮಣ್ಣಿನ ಕಣಗಳು ಸುತ್ತಲಿನ ವಿಕಿರಣದ ಶಕ್ತಿಯನ್ನು ವರ್ಷ ವರ್ಷ ಕೂಡಿಡುತ್ತವೆ. ಭಟ್ಟಿಯ ಬೆಂಕಿಗೆ ಹೋದಾಗ ಆ ಲೆಕ್ಕ ಸೊನ್ನೆಯಾಗುತ್ತದೆ, ಮತ್ತೆ ಮೊದಲಿಂದ ಶುರು. ಲ್ಯಾಬ್‌ನಲ್ಲಿ ಚಿಟಿಕೆ ಪುಡಿಯನ್ನು ಕಾಯಿಸಿದರೆ ಕೂಡಿಟ್ಟದ್ದು ಬೆಳಕಾಗಿ ಹೊರಬರುತ್ತದೆ. ಬೆಳಕು ಎಷ್ಟಿದೆ ಅನ್ನುವುದರಿಂದ ಸುಟ್ಟು ಎಷ್ಟು ಕಾಲವಾಯಿತು ಅಂತ ಅಂದಾಜು ಸಿಗುತ್ತದೆ. ನಿಖರ ವರ್ಷ ಸಿಗುವುದಿಲ್ಲ. ಆದರೆ ಸಾವಿರ ವರ್ಷದ್ದೋ ಐವತ್ತು ವರ್ಷದ್ದೋ ಅನ್ನುವುದು ತಿಳಿಯುತ್ತದೆ. ನಮ್ಮಲ್ಲಿ ಟಾಂಗ್ ಕಾಲದ, ಅಂದರೆ 618ರಿಂದ 907ರ ನಡುವಿನ, ಒಂದು ಸಮಾಧಿ ಕುದುರೆ ಇತ್ತು. ಹಳೆಯ ಪರೀಕ್ಷಾ ಪತ್ರವೂ ಇತ್ತು. ಪುಡಿ ತೆಗೆದ ತೂತು ಕಾಲಿನಡಿ ಒಂದೇ ಕಡೆ. ನಾನು ಕುತ್ತಿಗೆಯಿಂದ ಇನ್ನೊಂದು ಮಾದರಿ ತೆಗೆಸಿದೆ. ಕಾಲು ಹಳತು, ಕುತ್ತಿಗೆ ಹೊಸದು. ಹಳೆಯ ತುಂಡುಗಳ ಮೇಲೆ ಹೊಸ ಕುದುರೆ ಕಟ್ಟುವುದು ಗೊತ್ತಿರುವ ಮೋಸವೇ. ಪತ್ರ ಸುಳ್ಳು ಹೇಳಿರಲಿಲ್ಲ, ಅದು ಕಾಲಿನ ಬಗ್ಗೆ ಮಾತ್ರ ಹೇಳಿತ್ತು. ಇಡೀ ಕುದುರೆಯ ಬಗ್ಗೆ ಯಾರೂ ಕೇಳಿರಲಿಲ್ಲ, ಅಷ್ಟೆ.

ಮರದ ವಯಸ್ಸು ತಿಳಿಯಲು ಕಾರ್ಬನ್ ಪರೀಕ್ಷೆ ಮಾಡಿಸಿ ಅಂತ ಗಿರಾಕಿಗಳು ಹೇಳುತ್ತಿರುತ್ತಾರೆ. ಸುಮಾರು 1650ರಿಂದ 1950ರ ನಡುವಿನ ಮರಕ್ಕೆ ಅದು ಸರಿಯಾದ ಉತ್ತರ ಕೊಡುವುದಿಲ್ಲ. ಆ ಮುನ್ನೂರು ವರ್ಷ ಅದರ ಲೆಕ್ಕ ಒಂದಕ್ಕೊಂದು ಕಲಸಿಕೊಳ್ಳುತ್ತದೆ. ನಮ್ಮ ಕೈಗೆ ಬರುವ ಆಫ್ರಿಕಾದ, ಪೆಸಿಫಿಕ್ ದ್ವೀಪಗಳ ಮರದ ಕೆಲಸ ಹೆಚ್ಚಿನದೂ ಆ ಕಾಲದ್ದೇ. ಅಣುಬಾಂಬ್ ಪರೀಕ್ಷೆಗಳು ಗಾಳಿಗೆ ಸೇರಿಸಿದ ವಿಕಿರಣದ ಕಾರ್ಬನ್ ಹೀರಿ, ಆ ನಂತರ ಬೆಳೆದ ಮರವಾದರೆ ಮಾತ್ರ ಸಿಕ್ಕಿಬೀಳುತ್ತದೆ. ಹಾಗಾಗಿ ಮತ್ತೆ ಕಣ್ಣು, ಬೆರಳು, ಬೆನ್ನು.

ರತ್ನಗಂಬಳಿಗಳಿಗೂ ಅಷ್ಟೆ. ಗಂಟು ಟರ್ಕಿ ರೀತಿಯದ್ದೋ ಪರ್ಷಿಯಾ ರೀತಿಯದ್ದೋ ಅಂತ ಹಿಂಬದಿಯಲ್ಲೇ ಸಲೀಸಾಗಿ ಗೊತ್ತಾಗುವುದು. ಬಣ್ಣದ ಗುಟ್ಟೂ ಅಲ್ಲೇ. ವಿಲಿಯಂ ಪರ್ಕಿನ್ 1856ರಲ್ಲಿ ಮೊದಲ ಕೃತಕ ಬಣ್ಣ ಕಂಡುಹಿಡಿದ ಮೇಲೆ ಅಂಥ ಬಣ್ಣಗಳು ನೇಕಾರರ ಮನೆಗಳಿಗೂ ಬಂದವು. ಆರಂಭದ ಕೆಲವು ಬೆಳಕಿಗೆ ತಡೆಯುತ್ತಿರಲಿಲ್ಲ. ಮುಂದೆ ಬೂದು ಬಣ್ಣ, ಮಗುಚಿದರೆ ಹಿಂದೆ ಗಾಢ ನೇರಳೆ. ನೇಯ್ದವಳು ಆರಿಸಿದ ಬಣ್ಣ ನೂರಕ್ಕೂ ಹೆಚ್ಚು ವರ್ಷ ಹಾಗೇ ಬೆನ್ನಲ್ಲಿ ಉಳಿದಿರುತ್ತದೆ. ಅದನ್ನು ಮೊದಲ ಸಲ ಕಂಡಾಗ ನನಗೆ ಕಣ್ಣು ತುಂಬಿ ಬಂದಿತ್ತು.

ದಿನದ ಕೆಲಸವನ್ನು ಬೇಗ ಹೇಳಿಬಿಡುತ್ತೇನೆ. ಬಟ್ಟೆ, ಕಾಗದದ ಮೇಲೆ ಬೀಳುವ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟಬಾರದು. ಕಂಚಿನ ಮೇಲೆ ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಅದು ಮಾಮೂಲಿ ಕಿಲುಬಲ್ಲ, ಲೋಹವನ್ನು ತಿನ್ನುವ ರೋಗ. ಕೂಡಲೇ ತೇವವಿಲ್ಲದ ಡಬ್ಬಿಗೆ ಹಾಕಬೇಕು. ಉಣ್ಣೆಗೆ ನುಸಿ ಬಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಡೀಪ್ ಫ್ರೀಜರಿಗೆ. ದಂತ, ಆಮೆಚಿಪ್ಪು ಇದ್ದರೆ ವನ್ಯಜೀವಿ ಒಪ್ಪಂದದ ಪರವಾನಗಿ ಇಲ್ಲದೆ ಗಡಿ ದಾಟಿಸುವ ಹಾಗಿಲ್ಲ. ಯುರೋಪಿಯನ್ ಒಕ್ಕೂಟಕ್ಕೆ 250 ವರ್ಷಕ್ಕಿಂತ ಹಳೆಯ ಉತ್ಖನನದ ವಸ್ತು ಒಯ್ಯಲು 2025ರ ಜೂನ್ 28ರಿಂದ ಆಮದು ಪರವಾನಗಿ ಬೇಕು. ಎಷ್ಟೋ ತಿಂಗಳು ಒಂದೂ ಮಾರಾಟವಾಗುವುದಿಲ್ಲ. ಬರುವವರಲ್ಲಿ ಹೆಚ್ಚಿನವರು ನೋಡಿ ಹೋಗುವವರು. ಅವರು ಬಂದರೆ ನನಗೆ ಖುಷಿಯೇ.

"ಟ್ರೈಬಲ್" ಅನ್ನುವ ಪದದ ಬಗ್ಗೆ ಒಂದು ಮಾತು. ನಮ್ಮ ಬೋರ್ಡಿನ ಮೇಲೆ ಅದು ಇತ್ತು, ನಾನು ತೆಗೆಸಿದೆ. ಈಗ ಜನರ ಹೆಸರು, ಜಾಗದ ಹೆಸರು ಬರೆಯುತ್ತೇವೆ. ಕಪಾಟಿನ ಚೀಟಿಗಳಲ್ಲಿ ಇನ್ನೊಂದು ಕೊರತೆ ಇತ್ತು. ಚೀನೀ ಬಟ್ಟಲಿಗೆ ಚಕ್ರವರ್ತಿಯ ಹೆಸರಿರುತ್ತದೆ, ಇರಾನಿ ಹಾಳೆಗೆ ಕೆಲವೊಮ್ಮೆ ಬರೆದವನ ಹೆಸರಿರುತ್ತದೆ. ಆಫ್ರಿಕಾದ ಶಿಲ್ಪಕ್ಕೆ ಬರೀ ಕುಲದ ಹೆಸರು. ಕೆತ್ತಿದವನಿಗೆ ಹೆಸರಿರಲಿಲ್ಲವೇ? ಇತ್ತು. ತಂದವರು ಕೇಳಲಿಲ್ಲ. ನೈಜೀರಿಯಾದ ಯೊರುಬಾ ಶಿಲ್ಪಿ ಇಸೆ ಊರಿನ ಒಲೊವೆ 1938ರ ಸುಮಾರಿಗೆ ತೀರಿಕೊಂಡ. ಅವನ ಕೆತ್ತನೆಯನ್ನು ಹೊಗಳುವ ಪದಗಳನ್ನು ಅವನ ಕಡೆಯವರು ಹಾಡುತ್ತಿದ್ದರು. ಅವನು ಕೆತ್ತಿದ ಅರಮನೆ ಬಾಗಿಲನ್ನು 1924ರಲ್ಲಿ ಲಂಡನ್ನಿನ ವೆಂಬ್ಲಿ ಪ್ರದರ್ಶನದಲ್ಲಿ ಇಟ್ಟಿದ್ದರು. ಅಂಥವರು ಇನ್ನೆಷ್ಟು ಜನ ಇದ್ದರೋ! ನಮ್ಮ ಚೀಟಿಗಳಲ್ಲಿ ಈಗ "ಶಿಲ್ಪಿಯ ಹೆಸರು ದಾಖಲಾಗಿಲ್ಲ" ಅಂತ ಬರೆಯುತ್ತೇನೆ. "ಅಜ್ಞಾತ" ಅಂತ ಬರೆಯುವುದಿಲ್ಲ. ಅವನ ಊರಿನವರಿಗೆ ಅವನು ಅಜ್ಞಾತ ಆಗಿರಲಿಲ್ಲ ಅಲ್ವಾ?

ಬೇಡ ಅಂದ ವ್ಯಾಪಾರಗಳೂ ಇವೆ. ಒಬ್ಬರು ಚಿತ್ರಗಳಿರುವ ಒಂದು ಪರ್ಷಿಯನ್ ಹಸ್ತಪ್ರತಿ ತಂದರು. "ಇಡಿಯಾಗಿ ಕೊಳ್ಳುವವರು ಸಿಗಲ್ಲ ಮೇಡಂ, ಹಾಳೆ ಹಾಳೆ ಬಿಡಿಸಿ ಮಾರಿ" ಅಂದರು. ಲೆಕ್ಕದಲ್ಲಿ ಅವರ ಮಾತು ಸರಿ. ಇಂಥದ್ದು ದೊಡ್ಡ ಮಟ್ಟದಲ್ಲೇ ನಡೆದಿದೆ. ಹದಿನಾರನೇ ಶತಮಾನದಲ್ಲಿ ಇರಾನಿನ ದೊರೆ ಷಾ ತಹ್ಮಾಸ್ಪ್‌ಗಾಗಿ ತಯಾರಾದ, ಷಾನಾಮಾ ಅನ್ನುವ ಪರ್ಷಿಯನ್ ಮಹಾಕಾವ್ಯದ ಪ್ರತಿಯಲ್ಲಿ 258 ಚಿತ್ರಗಳಿದ್ದವು. ಇಪ್ಪತ್ತನೇ ಶತಮಾನದಲ್ಲಿ ಅದರ ಒಡೆಯ ಅದನ್ನು ಬಿಡಿಸಿದರು. ಹಾಳೆಗಳು ಚದುರಿ ಹೋದವು. ಉಳಿದಿದ್ದ 118 ಚಿತ್ರಗಳು 1994ರಲ್ಲಿ ವಿಯೆನ್ನಾದ ವಿಮಾನ ನಿಲ್ದಾಣದಲ್ಲಿ ಕೈ ಬದಲಾಯಿಸಿ ಇರಾನಿಗೆ ಮರಳಿದವು. ಅದಕ್ಕೆ ಬದಲಾಗಿ ಇರಾನ್ ಅಮೆರಿಕದ ಕಲಾವಿದ ಡಿ ಕೂನಿಂಗ್‌ನ ಒಂದು ವರ್ಣಚಿತ್ರ ಕೊಟ್ಟಿತು. ನಾನು ಆ ಹಸ್ತಪ್ರತಿ ತಂದವರಿಗೆ ಹೇಳಿದೆ, "ದಾರ ನಾನು ಕತ್ತರಿಸಲ್ಲ ಸರ್. ಇಡಿಯಾಗಿ ಕೊಳ್ಳುವ ಗ್ರಂಥಾಲಯ ಹುಡುಕಿ ಕೊಡುತ್ತೇನೆ, ಸಮಯ ಕೊಡಿ." ಅವರು ಕಾಯಲಿಲ್ಲ, ಎತ್ತಿಕೊಂಡು ಹೋದರು. ಆಮೇಲೆ ಎಲ್ಲಿ ಹಳೆಯ ಬಿಡಿ ಹಾಳೆ ಕಂಡರೂ ಅದೇ ಇರಬಹುದಾ ಅಂತ ನೋಡುತ್ತೇನೆ.

ಇನ್ನೊಮ್ಮೆ ಗಾಂಧಾರ ಶೈಲಿಯ ಬುದ್ಧನ ತಲೆ ಬಂತು. ಬೂದು ಬಣ್ಣದ ಶಿಸ್ಟ್ ಕಲ್ಲು, ಅಲೆ ಅಲೆ ಕೂದಲು, ತುಂಬ ಚೆಂದದ ಮುಖ. ಮಗುಚಿದೆ. ಕುತ್ತಿಗೆ ಮುರಿದ ಜಾಗದ ಕಲ್ಲು ಹೊಸದಾಗಿ ಮಿನುಗುತ್ತಿತ್ತು. ಮಣ್ಣಿನ ಕಲೆಯಿಲ್ಲ, ಕಾಲದ ಮಂಕಿಲ್ಲ. "ಕಳವಾದ ವಸ್ತುಗಳ ಪಟ್ಟಿಯಲ್ಲಿ ಹುಡುಕಿಸಿದ್ದೇನೆ, ಇದರ ಹೆಸರಿಲ್ಲ" ಅಂತ ತಂದವರು ಪತ್ರ ತೋರಿಸಿದರು. ಆ ಪತ್ರ ನಿಜವೇ ಇರಬಹುದು. ಆದರೆ ಪಟ್ಟಿಯಲ್ಲಿ ಇರುವುದು ಇತ್ತು ಅಂತ ಗೊತ್ತಿದ್ದು ಕಳೆದುಹೋದ ವಸ್ತು. ನೆಲದೊಳಗೆ ಇದ್ದದ್ದಕ್ಕೆ ಫೋಟೋ ಯಾರು ತೆಗೆದಿದ್ದರು? ನಿನ್ನೆ ರಾತ್ರಿ ಅಗೆದು ತೆಗೆದದ್ದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನಾನು ಬೇಡ ಅಂದೆ, ಸಂಬಂಧಪಟ್ಟ ಪೊಲೀಸ್ ವಿಭಾಗಕ್ಕೆ ವಿವರ ಬರೆದೆ. ಆ ತಲೆಯ ಮೈ ಎಲ್ಲಿ ನಿಂತಿದೆಯೋ ಅನ್ನುವ ಯೋಚನೆ ಈಗಲೂ ಬರುತ್ತದೆ.

ಪಟ್ಟಿಯ ಕೊನೆಯ ಭಾಗದಲ್ಲಿ ನೇಪಾಳದ ಒಂದು ಟುಂಡಾಲ್ ಇತ್ತು. ದೇಗುಲದ ಚಾಚಿದ ಮಾಡಿಗೆ ಓರೆಯಾಗಿ ಆಸರೆ ಕೊಡುವ ಕೆತ್ತನೆಯ ತೊಲೆ ಅದು. ಅನೇಕ ಕೈಗಳ ದೇವತೆ, ತಲೆಯ ಮೇಲೆ ಎಲೆಗಳು, ಕಾಲಿನಡಿ ಇನ್ನೊಂದು ಚಿಕ್ಕ ಆಕೃತಿ. ಹಿರಿಯರಿಗೆ ಬಲು ಪ್ರೀತಿಯ ವಸ್ತು. ಬಾಗಿಲಿಗೆ ಎದುರಾಗಿ ಅದನ್ನು ನಿಲ್ಲಿಸಿದ್ದರು, ಮಾರಿರಲಿಲ್ಲ. ಇಬ್ಬರು ಸೇರಿ ಅದನ್ನು ಕೆಳಗೆ ಮಲಗಿಸಿ ಮಗುಚಿದೆವು. ಬೆನ್ನು ತುಂಬ ಬಾಚಿಯ ಹಳೆಯ ಗುರುತು, ಹೊಗೆ ಧೂಳು ಕೂತ ಕಪ್ಪು. ಆದರೆ ಮೇಲ್ತುದಿಯಲ್ಲಿ ಮಾಡಿನೊಳಗೆ ಕೂರಬೇಕಾದ ಗೂಟವಿರಲಿಲ್ಲ. ಅಲ್ಲಿ ಗರಗಸದ ಸಪಾಟು ಗೆರೆಗಳು. ಮರ ಅಲ್ಲಿ ತಿಳಿ ಕಂದು. ಕಡತದಲ್ಲಿ ಇದ್ದದ್ದು ಒಬ್ಬ ವ್ಯಾಪಾರಿಯ ರಸೀದಿ, 1980ರ ದಶಕದ್ದು. ಅದಕ್ಕೂ ಹಿಂದಿನದು ಏನೂ ಇಲ್ಲ.

ನೇಪಾಳದ ಪಾಟನ್ ಊರಿನ ಲಕ್ಷ್ಮೀನಾರಾಯಣ ವಿಗ್ರಹದ ಸುದ್ದಿ ನನಗೆ ಗೊತ್ತಿತ್ತು. 1984ರಲ್ಲಿ ಕಳುವಾದದ್ದು ಅಮೆರಿಕದ ಡಲ್ಲಾಸ್ ಮ್ಯೂಸಿಯಂನಲ್ಲಿ ಕಂಡು, 2021ರಲ್ಲಿ ಊರಿಗೆ ಮರಳಿ ತನ್ನ ಗುಡಿಯಲ್ಲೇ ಕೂತಿತು. ಅದಕ್ಕೆ ಹಳೆಯ ಫೋಟೋಗಳು ನೆರವಾಗಿದ್ದವು. ನಾನೂ ಕಠ್ಮಂಡು ಕಣಿವೆಯ ಗುಡಿಗಳ ಹಳೆಯ ಫೋಟೋ ಹುಡುಕಲು ಕೂತೆ. ಐದು ತಿಂಗಳಾದ ಮೇಲೆ ಒಂದು ಕಪ್ಪು ಬಿಳುಪು ಚಿತ್ರದಲ್ಲಿ ಚಿಕ್ಕ ಆಕೃತಿಯ ಮೊಣಕಾಲಿನ ಬಿರುಕು ಕಂಡಿತು. ನಮ್ಮದರಲ್ಲಿದ್ದ ಬಿರುಕೇ. ಈಚಿನ ಚಿತ್ರದಲ್ಲಿ ಅದೇ ಜಾಗದಲ್ಲಿ ಕೆತ್ತನೆಯಿಲ್ಲದ ಬೋಳು ತೊಲೆ.

ಹಿರಿಯರ ಮನೆಗೆ ಹೋಗಿ ಎರಡೂ ಚಿತ್ರ ತೋರಿಸಿದೆ. ಲೂಪ್ ಅನ್ನುವ ಪುಟ್ಟ ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. "ಇಷ್ಟು ವರ್ಷ ಎದುರಿಗೇ ಇಟ್ಟುಕೊಂಡಿದ್ದೆ. ಇದರ ಬೆನ್ನು ಮಾತ್ರ ನೋಡಿರಲಿಲ್ಲಮ್ಮ" ಅಂದರು. ನಾನು ಏನೂ ಹೇಳಲಿಲ್ಲ. ಹೊರಡುವಾಗ, "ಕಳಿಸಿಕೊಡು. ಪ್ಯಾಕಿಂಗ್ ನೀನೇ ಮುಂದೆ ನಿಂತು ಮಾಡಿಸು" ಅಂದರು.

ನೇಪಾಳದ ರಾಯಭಾರ ಕಚೇರಿಗೆ ಬರೆದೆ. ಕಾಗದ, ಪರಿಶೀಲನೆ ಎಲ್ಲ ಮುಗಿಯಲು ಒಂಬತ್ತು ತಿಂಗಳಾಯಿತು. ಒಯ್ಯಲು ಬಂದ ಅಧಿಕಾರಿ ಚಪ್ಪಲಿ ಬಿಟ್ಟು ಹತ್ತಿರ ಬಂದರು, ಗರಗಸ ಕುಯ್ದ ಜಾಗದ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಹಿರಿಯರು ಹೇಳಿದಂತೆ ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಪ್ಯಾಕ್ ಮಾಡಿಸಿದೆ.

ಹೋದ ವರ್ಷ ಅಲ್ಲಿಂದ ಒಂದು ಫೋಟೋ ಬಂತು. ಬೋಳು ತೊಲೆ ತೆಗೆದಿದ್ದಾರೆ. ಮೇಲ್ತುದಿಗೆ ಹೊಸ ಮರದ ಗೂಟ ಕೂಡಿಸಿದ್ದಾರೆ. ದೇವತೆ ತನ್ನ ಓರೆಯಲ್ಲಿ, ಅಕ್ಕಪಕ್ಕದವರ ಸಾಲಿನಲ್ಲಿ ನಿಂತಿದ್ದಾಳೆ. ಫೋಟೋ ಕೆಳಗಿನಿಂದ ತೆಗೆದದ್ದು. ಬೆನ್ನು ಗೋಡೆಯ ಕಡೆಗಿದೆ, ಕಾಣುವುದಿಲ್ಲ.